ಜೇಬಿಗೆ ತಕ್ಕ ನಾಲ್ಕು ಹಾಡು

1963ರ ಫೆಬ್ರವರಿ 11. ಲಂಡನ್ನಿನ ಅಬೀ ರಸ್ತೆಯ ಇಎಂಐ ಸ್ಟುಡಿಯೊಗೆ ಬೆಳಗ್ಗೆ ಹೋದ ಬೀಟಲ್ಸ್ ತಂಡದ ನಾಲ್ವರು ರಾತ್ರಿ ಹತ್ತು ದಾಟುವವರೆಗೂ ಅಲ್ಲೇ ಇದ್ದರು. ತಮ್ಮ ಮೊದಲ ಎಲ್‌ಪಿಗೆ ಬೇಕಿದ್ದ ಹತ್ತು ಹಾಡುಗಳನ್ನು ಆ ಒಂದೇ ದಿನದಲ್ಲಿ ಮುಗಿಸಿದರು. ಜಾನ್ ಲೆನನ್‌ಗೆ ನೆಗಡಿ. ಗಂಟಲು ಹರಿಯುವಂತೆ ಕೂಗಿ ಹಾಡಬೇಕಿದ್ದ 'ಟ್ವಿಸ್ಟ್ ಅಂಡ್ ಶೌಟ್' ಅನ್ನು ನಿರ್ಮಾಪಕ ಜಾರ್ಜ್ ಮಾರ್ಟಿನ್ ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದರು. ಮೊದಲ ಸಲ ಹಾಡಿದ್ದೇ ಉಳಿಯಿತು. ಎರಡನೆಯ ಸಲಕ್ಕೆ ದನಿಯೇ ಇರಲಿಲ್ಲ.

ಇಷ್ಟು ಕಥೆ ಬಹಳ ಮಂದಿಗೆ ಗೊತ್ತು. ಆ ಹಾಡು ಬ್ರಿಟನ್ನಿನ ಮನೆಗಳನ್ನು ಸೇರಿದ ದಾರಿಯ ಮಾತು ಮಾತ್ರ ಅಪರೂಪ.

ಆಗಿನ ರೆಕಾರ್ಡ್ ಅಂಗಡಿಯಲ್ಲಿ ಮೂರು ಅಳತೆಯ ಸರಕು ಸಿಗುತ್ತಿತ್ತು. ಸಿಂಗಲ್ ಎಂದರೆ ಮಗ್ಗುಲಿಗೊಂದರಂತೆ ಎರಡು ಹಾಡು. ಎಲ್‌ಪಿ ಎಂದರೆ ಹನ್ನೆರಡು ಅಂಗುಲದ ದೊಡ್ಡ ತಟ್ಟೆ. ಬೀಟಲ್ಸ್‌ನ ಎಲ್‌ಪಿಯಲ್ಲಿ ಹದಿನಾಲ್ಕು ಹಾಡುಗಳಿದ್ದವು. ಇವೆರಡರ ನಡುವಿನದು ಎಕ್ಸ್‌ಟೆಂಡೆಡ್ ಪ್ಲೇ, ಅಂದರೆ ಇಪಿ. ಅಳತೆ ಸಿಂಗಲ್‌ನಷ್ಟೇ, ಏಳು ಅಂಗುಲ. ಹಾಡುಗಳು ಸಾಮಾನ್ಯವಾಗಿ ನಾಲ್ಕು. ಜೊತೆಗೆ ಎಲ್‌ಪಿಗಿರುವಂತೆ ಚಿತ್ರವಿರುವ ಗಟ್ಟಿ ಹೊದಿಕೆ. ಬೆಲೆ ಎಲ್‌ಪಿಯ ಸುಮಾರು ಮೂರನೇ ಒಂದು ಪಾಲು. ಕೈಖರ್ಚಿನ ಕಾಸು ಕೂಡಿಡುವ ಶಾಲಾ ಹುಡುಗಿಗೆ, ಆಗತಾನೇ ಕೆಲಸಕ್ಕೆ ಸೇರಿದ ಹುಡುಗನಿಗೆ ಈ ಲೆಕ್ಕ ಸಣ್ಣದಲ್ಲ.

ಜುಲೈ 12ರಂದು ಪಾರ್ಲೊಫೋನ್ ಹೊರತಂದ 'ಟ್ವಿಸ್ಟ್ ಅಂಡ್ ಶೌಟ್' ಇಪಿಯಲ್ಲಿ ಹೊಸ ಹಾಡು ಒಂದೂ ಇರಲಿಲ್ಲ. ನಾಲ್ಕೂ ಮಾರ್ಚ್‌ನಲ್ಲೇ ಬಂದಿದ್ದ ಎಲ್‌ಪಿಯವು. ಆದರೆ ಬೀಟಲ್ಸ್‌ನ ಸಿಂಗಲ್‌ಗಳಲ್ಲಿ ಅವು ಯಾವುವೂ ಬಂದಿರಲಿಲ್ಲ. ಎಲ್‌ಪಿ ಕೊಳ್ಳಲಾಗದವರಿಗೆ ಅವನ್ನು ತಮ್ಮದಾಗಿಸಿಕೊಳ್ಳಲು ಇದೊಂದೇ ದಾರಿ.

ಫಲ ನಿಚ್ಚಳವಾಗಿತ್ತು. ಇಪಿಗಳ ಪಟ್ಟಿಯಲ್ಲಿ ಅದು 21 ವಾರ ಮೊದಲ ಸ್ಥಾನದಲ್ಲಿತ್ತು. ಸಿಂಗಲ್‌ಗಳ ಪಟ್ಟಿಗೂ ನುಗ್ಗಿತು. ಬ್ರಿಟನ್ನಿನಲ್ಲಿ ಒಟ್ಟು ಮಾರಾಟ ಸುಮಾರು 8 ಲಕ್ಷ ಪ್ರತಿ ಎನ್ನುತ್ತಾರೆ. ಅದೇ ಹೊತ್ತಿಗೆ ಎಲ್‌ಪಿ ಕೂಡ ತನ್ನ ಪಟ್ಟಿಯ ತುದಿಯಲ್ಲೇ ಇತ್ತು. ಒಂದು ಇನ್ನೊಂದರ ಗಿರಾಕಿಯನ್ನು ಕಸಿಯಲಿಲ್ಲ.

ಹೊದಿಕೆಯ ಚಿತ್ರ ಫಿಯೋನಾ ಆಡಮ್ಸ್ ತೆಗೆದದ್ದು. ಲಂಡನ್ನಿನ ಯೂಸ್ಟನ್ ರಸ್ತೆಯ ಬಳಿ, ಯುದ್ಧದ ಬಾಂಬಿಗೆ ಪಾಳುಬಿದ್ದ ಜಾಗದಲ್ಲಿ ನಾಲ್ವರೂ ಗೋಡೆಯ ಮೇಲಿಂದ ಗಾಳಿಗೆ ನೆಗೆದಿದ್ದಾರೆ. ಯುದ್ಧ ಮುಗಿದು ಹದಿನೆಂಟು ವರ್ಷವಾಗಿದ್ದರೂ ಆ ಪಾಳು ಹಾಗೇ ಇತ್ತು.

ಅಮೆರಿಕದಲ್ಲಿ ಇಪಿಗೆ ಅಂಥ ಗಿರಾಕಿ ಇರಲಿಲ್ಲ. ಅಲ್ಲಿ ಅದೇ ಹಾಡು 1964ರಲ್ಲಿ ಸಿಂಗಲ್ ಆಗಿ ಬಂದು ಬಿಲ್‌ಬೋರ್ಡ್ ಪಟ್ಟಿಯ ಎರಡನೇ ಸ್ಥಾನಕ್ಕೇರಿತು. ಭಾರತದಲ್ಲಿ ಮಾತ್ರ ಈ ಪುಟ್ಟ ತಟ್ಟೆ ಚೆನ್ನಾಗಿ ಒಗ್ಗಿತು. ಹಿಂದಿಯಂತೆ ಕನ್ನಡ ಚಿತ್ರಗೀತೆಗಳೂ ಎಚ್‌ಎಂವಿಯ ಇಪಿಗಳಲ್ಲಿ ಮನೆಗಳಿಗೆ ಬಂದವು.

ಬ್ರಿಟನ್ನಿನಲ್ಲಿ ಇಪಿಯ ಕಾಲ ಬೇಗ ಮುಗಿಯಿತು. ಕೇಳುಗರು ಎಲ್‌ಪಿಯತ್ತ ಸರಿದರು. ಇಪಿಗಳ ಪಟ್ಟಿ 1967ರ ಕೊನೆಗೆ ನಿಂತೇಹೋಯಿತು. ಬೀಟಲ್ಸ್ ಚರಿತ್ರೆಯನ್ನು ಈಗ ಎಲ್‌ಪಿಗಳ ಲೆಕ್ಕದಲ್ಲೇ ಹೇಳುವುದು ರೂಢಿ. ಆದರೆ 1963ರ ಬೇಸಿಗೆಯಲ್ಲಿ ಲಕ್ಷಾಂತರ ಹುಡುಗ ಹುಡುಗಿಯರು ಮನೆಗೆ ತಂದ ಬೀಟಲ್ಸ್, ಏಳು ಅಂಗುಲದ ತಟ್ಟೆಯಲ್ಲಿದ್ದ ಆ ನಾಲ್ಕು ಹಾಡು.