ಮೊದಲ ವೀಣೆ ಮತ್ತು ಮೇಣದ ಲೆಕ್ಕ: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕೊಳ್ಳುಗರನ್ನು ಕುರಿತ ಟಿಪ್ಪಣಿ

ಜಪಾನಿನ ವೃತ್ತಿಪರರು ತಮ್ಮ ತಂತಿವಾದ್ಯವಾದ ಶಾಮಿಸೆನ್ನಿನ ದಂಡಿಗೆ ಬಹುಕಾಲದಿಂದ ಬಯಸುತ್ತ ಬಂದಿರುವ ಮರ ರಕ್ತಚಂದನ. ಅದು ತಾನಾಗಿ ಬೆಳೆಯುವುದು ಪಾವಗಡದಿಂದ ಪೂರ್ವಕ್ಕೆ, ಕಡಪ–ಚಿತ್ತೂರು ಸೀಮೆಯ ಬೆಟ್ಟಗಳಲ್ಲಿ. ವನ್ಯಜೀವಿ ಮತ್ತು ಸಸ್ಯಗಳ ವ್ಯಾಪಾರದ ಅಂತಾರಾಷ್ಟ್ರೀಯ ಒಪ್ಪಂದದ ಎರಡನೆಯ ಅನುಬಂಧಕ್ಕೆ 1995ರಲ್ಲಿ ಈ ಮರ ಸೇರಿತು. ದಿಮ್ಮಿಯ ಸಾಗಣೆ ಬಿಗಿಯಾಯಿತು. ಹೊಸದಾಗಿ ಕಲಿಯುವವರ ಶಾಮಿಸೆನ್‌ಗಂತೂ ಮೊದಲಿಂದಲೂ ನಮ್ಮ ಹೊನ್ನೆಯ ಬಳಗಕ್ಕೇ ಸೇರಿದ, ಅಗ್ಗದ ಕಾರಿನ್ ಮರವೇ ಗತಿ. ಅಂಥ ವಾದ್ಯವನ್ನು ಕಣ್ಣಾರೆ ನೋಡದೆ ತರಿಸಿಕೊಳ್ಳುವವನು ಮುಖ್ಯವಾಗಿ ವಿಚಾರಿಸಬೇಕಾದದ್ದು ಚರ್ಮವನ್ನು. ಸಾಂಪ್ರದಾಯಿಕವಾಗಿ ಬೆಕ್ಕಿನ ಅಥವಾ ನಾಯಿಯ ಚರ್ಮವನ್ನು ಬಿಗಿಯುತ್ತಾರೆ. ಹವೆ ಬದಲಾದರೆ ಅದು ಸೀಳಬಹುದು. ಆದ್ದರಿಂದ ಹೊಸಬರಿಗೆ ಕೃತಕ ಹೊದಿಕೆಯ ವಾದ್ಯವೇ ಲೇಸು. ಶಾಮಿಸೆನ್ನಿನ ದಂಡಿಯ ಮೇಲೆ ವೀಣೆಗಿರುವಂಥ ಸ್ವರದ ಮೆಟ್ಟಿಲುಗಳಿಲ್ಲ, ದಂಡಿಯನ್ನು ಮೂರು ತುಂಡಾಗಿ ಬಿಚ್ಚಬಹುದು. ಪಾರ್ಸಲ್ಲಿಗೆ ಹೇಳಿ ಮಾಡಿಸಿದ ವಾದ್ಯ ಎನ್ನಬೇಕು.

ತುಮಕೂರು ಜಿಲ್ಲೆಯ ಉತ್ತರದ ನಾಲ್ಕು ತಾಲ್ಲೂಕುಗಳಲ್ಲಿ, ಮೊದಲ ವಾದ್ಯವನ್ನು ಕಣ್ಣಾರೆ ನೋಡದೆ ಕೊಳ್ಳುವ ಇದೇ ಪ್ರಶ್ನೆ ಎತ್ತಿದರೆ ಅದು ವೀಣೆಗೆ ಬಂದು ನಿಲ್ಲುತ್ತದೆ. ಇಲ್ಲಿ ವಾದ್ಯಗಳಿಗೆ ಬರವಿಲ್ಲ. ಶಿರಾ ಸೀಮೆಯ ಕಾಡುಗೊಲ್ಲರು ಜುಂಜಪ್ಪನ ಕತೆಯನ್ನು ಉದ್ದನೆಯ ಬಿದಿರ ಕೊಳಲಾದ ಗಣೆಯೊಂದಿಗೆ ಹಾಡುತ್ತಾರೆ. ಜಾತ್ರೆಗೆ ಉರುಮೆ, ತಮಟೆಗಳಿವೆ. ಭಜನೆಯವರ ಕೈಯಲ್ಲಿ ಏಕತಾರಿ, ಪೌರಾಣಿಕ ನಾಟಕ ಕಲಿಸುವ ಮೇಷ್ಟ್ರ ಮುಂದೆ ಹಾರ್ಮೋನಿಯಂ. ಇವುಗಳಲ್ಲಿ ಹೆಚ್ಚಿನವನ್ನು ಯಾರೂ ಆನ್‌ಲೈನ್‌ನಲ್ಲಿ ಹುಡುಕುವುದಿಲ್ಲ. ಊರಲ್ಲೇ ಮಾಡಿಕೊಳ್ಳುತ್ತಾರೆ, ಇಲ್ಲವೆ ಗುರುವಿನ ಕೈಯಿಂದ ಶಿಷ್ಯನ ಕೈಗೆ ಬರುತ್ತವೆ. ಹಾರ್ಮೋನಿಯಂ ಅಂಗಡಿಯದು, ಆದರೆ ಅದರ ಸ್ವರ ಲೋಹದ ನಾಲಗೆಯಲ್ಲಿ ಕೂತಿರುವುದರಿಂದ ದಾರಿಯಲ್ಲಿ ಬೇಗ ಕದಲುವುದಿಲ್ಲ. ವೀಣೆ ಹಾಗಲ್ಲ. ಕೊಂಡ ವೀಣೆ ಸರಿಯಾಗಿ ನುಡಿಯುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಒಂದು ಮೇಣದ ಹಾಸಿನ ಮೇಲೆ ನಿಂತಿದೆ. ಬೆಲೆ ಕೇಳುವ ಮೊದಲು ಆ ಹಾಸನ್ನು ಅರ್ಥ ಮಾಡಿಕೊಳ್ಳುವುದು ಒಳ್ಳೆಯದು.

ವೀಣೆಯ ದಂಡಿಯ ಮೇಲೆ 24 ಮೆಟ್ಟಿಲುಗಳು, ಒಂದೊಂದು ಸ್ಥಾಯಿಗೆ 12ರಂತೆ. ನುಡಿಸುವ ತಂತಿ ನಾಲ್ಕು, ತಾಳದ ತಂತಿ ಮೂರು. ಲೋಹದ ಮೆಟ್ಟಿಲುಗಳನ್ನು ಮರಕ್ಕೆ ಮೊಳೆ ಹೊಡೆದು ಕೂರಿಸುವುದಿಲ್ಲ. ಜೇನುಮೇಣಕ್ಕೆ ಕಪ್ಪು ಪುಡಿ ಬೆರೆಸಿ ಎರಡು ಸಾಲು ಕಟ್ಟೆ ಕಟ್ಟುತ್ತಾರೆ. ಅದು ಇನ್ನೂ ಮೆತ್ತಗಿರುವಾಗ ಕುಶಲಕರ್ಮಿ ತಂತಿ ಮೀಟಿ, ಕಿವಿಗೊಟ್ಟು, ಮೆಟ್ಟಿಲನ್ನು ಕೂದಲೆಳೆಯಷ್ಟು ಆಚೀಚೆ ಸರಿಸಿ ನಿಲ್ಲಿಸುತ್ತಾನೆ. ಇದಕ್ಕೆ ಮೇಳ ಕಟ್ಟುವುದು ಎನ್ನುತ್ತಾರೆ. ಕೆಲವು ವರ್ಷಕ್ಕೊಮ್ಮೆ ಹಳೆಯ ಮೇಣ ಕಿತ್ತು ಹೊಸದಾಗಿ ಕಟ್ಟಿಸುವುದು ವೀಣೆಯ ಸಾಮಾನ್ಯ ಆರೈಕೆ.

ಈ ಸೂಕ್ಷ್ಮ ಎಷ್ಟೆಂದು ಲೆಕ್ಕ ಹಾಕಬಹುದು. ದಂಡಿಯ ತುದಿಯ ಮೇರುವಿನಿಂದ ನಾದದ ಕೊಡದ ಮೇಲಿನ ಕುದುರೆಯವರೆಗೆ ತಂತಿಯ ಉದ್ದ 80 ಸೆಂ.ಮೀ. ಎಂದಿಟ್ಟುಕೊಳ್ಳೋಣ. ಹನ್ನೆರಡು ಸಮಭಾಗದ ಲೆಕ್ಕದಲ್ಲಿ ಮೊದಲ ಮೆಟ್ಟಿಲು ಮೇರುವಿನಿಂದ ಸುಮಾರು 4.5 ಸೆಂ.ಮೀ. ದೂರಕ್ಕೆ ಬರುತ್ತದೆ. ಹನ್ನೆರಡನೆಯದು ಸರಿಯಾಗಿ ನಡುವೆ, 40 ಸೆಂ.ಮೀ.ಗೆ. ಕೊನೆಯ ಎರಡು ಮೆಟ್ಟಿಲುಗಳ ನಡುವೆ ಉಳಿಯುವುದು ಬರೀ 1.2 ಸೆಂ.ಮೀ. ಅಕ್ಕಪಕ್ಕದ ಎರಡು ಸ್ವರಸ್ಥಾನಗಳ ಅಂತರವನ್ನು 100 ಅಂಶ ಎಂದುಕೊಂಡರೆ, ಮೊದಲ ಮೆಟ್ಟಿಲು 1 ಮಿ.ಮೀ. ಸರಿದಾಗ ಆಗುವ ತಪ್ಪು ಎರಡು ಅಂಶಕ್ಕಿಂತ ತುಸು ಹೆಚ್ಚು. ಹನ್ನೆರಡನೆಯದರಲ್ಲಿ ಅದು ನಾಲ್ಕಕ್ಕಿಂತ ತುಸು ಹೆಚ್ಚು. ಇಪ್ಪತ್ತನಾಲ್ಕನೆಯದರಲ್ಲಿ ಒಂಬತ್ತರ ಹತ್ತಿರ. ಮೇಣ ಒಂದೇ, ಸರಿದದ್ದೂ ಅಷ್ಟೇ. ಆದರೂ ತಾರಸ್ಥಾಯಿಯ ತುದಿಯಲ್ಲಿ ಅಪಸ್ವರ ಸುಮಾರು ನಾಲ್ಕು ಪಟ್ಟು.

ಹೊಸಬರಿಗೆ ಇದರಲ್ಲಿ ಸಮಾಧಾನದ ಸಂಗತಿಯೂ ಇದೆ. ಸರಳೆ, ಜಂಟಿವರಸೆ, ಅಲಂಕಾರಗಳು ಹೆಚ್ಚಾಗಿ ಸಾರಣಿ ಎಂಬ ಮೊದಲ ತಂತಿಯ ಮೊದಲ ಹನ್ನೆರಡು ಮೆಟ್ಟಿಲುಗಳಲ್ಲೇ ಮುಗಿಯುತ್ತವೆ. ಕಡಿಮೆ ಬೆಲೆಯ ವೀಣೆಯ ಮೇಲ್ತುದಿ ಚೂರು ಕೆಟ್ಟಿದ್ದರೂ ಮೊದಲ ವರ್ಷದ ಪಾಠ ನಿಲ್ಲುವುದಿಲ್ಲ. ಬೆರಳು ಮೇಲಕ್ಕೆ ಏರುವ ಹೊತ್ತಿಗೆ ಮೇಳ ಮತ್ತೆ ಕಟ್ಟಿಸಿದರಾಯಿತು. ಆದ್ದರಿಂದ ಕೈಯಲ್ಲಿರುವ ದುಡ್ಡನ್ನು ಯಾಳಿಮುಖದ ಕೆತ್ತನೆಗೂ ಕೊಡದ ಮೇಲಿನ ಚಿತ್ತಾರಕ್ಕೂ ಸುರಿಯದೆ, ಮರಕ್ಕೆ ಮತ್ತು ಮುಂದಿನ ಮೇಳಕ್ಕೆ ಎತ್ತಿಡುವುದು ಜಾಣತನ ಎಂದು ನನ್ನ ಅಭಿಪ್ರಾಯ. ಆನ್‌ಲೈನ್ ಫೋಟೊದಲ್ಲಿ ಕಣ್ಣಿಗೆ ಬೀಳುವುದು ಮಾತ್ರ ಯಾಳಿಯೇ!

ಇನ್ನು ಬಿಸಿಲು. ಜೇನುಮೇಣ ಕರಗುವುದು 62ರಿಂದ 64 ಡಿಗ್ರಿಯಲ್ಲಿ. ಮೆತ್ತಗಾಗುವುದಕ್ಕೆ ಅಷ್ಟು ಕಾವು ಬೇಡ, 40ರ ಆಸುಪಾಸಿನಲ್ಲೇ ಒತ್ತಿದರೆ ಒತ್ತಿಸಿಕೊಳ್ಳುತ್ತದೆ. ಪಾವಗಡದ ಏಪ್ರಿಲ್–ಮೇ ತಿಂಗಳ ಮಧ್ಯಾಹ್ನ, ತಗಡಿನ ಗೋದಾಮಿನಲ್ಲೋ ಮುಚ್ಚಿದ ವ್ಯಾನಿನಲ್ಲೋ ಪೆಟ್ಟಿಗೆ ಬಿದ್ದಿದ್ದರೆ ಒಳಗಿನ ಕಾವು ಹೊರಗಿನದನ್ನು ಮೀರುತ್ತದೆ. ಬಿಗಿದ ತಂತಿ ಮೆಟ್ಟಿಲಿಗೆ ತಗುಲಿಕೊಂಡಂತೆ ಪೆಟ್ಟಿಗೆಯಲ್ಲಿ ಅದುಮಿಟ್ಟಿದ್ದರೆ, ಮೆತ್ತಗಾದ ಮೇಣದಲ್ಲಿ ಮೆಟ್ಟಿಲು ಓರೆಯಾಗುತ್ತದೆ ಅಥವಾ ಕುಸಿಯುತ್ತದೆ. ಓರೆ ಕಣ್ಣಿಗೆ ಕಾಣುತ್ತದೆ. ಕುಸಿತ ಕಾಣುವುದಿಲ್ಲ, ಆ ಮೆಟ್ಟಿಲಲ್ಲಿ ಒತ್ತಿದಾಗ ತಂತಿ ಮುಂದಿನ ಮೆಟ್ಟಿಲಿಗೆ ತಾಗಿ ಜುಯ್ ಎನ್ನುತ್ತದೆ. ಹೊಸಬರು ಅದನ್ನು ತಮ್ಮ ಬೆರಳಿನ ದೋಷ ಎಂದೇ ತಿಳಿದು ತಿಂಗಳುಗಟ್ಟಲೆ ಒದ್ದಾಡಬಹುದು.

ಒಣಹವೆಯದು ಬೇರೆ ಕಾಟ. ವೀಣೆಗೆ ಹಲಸಿನ ಮರ ರೂಢಿ. ಕೊಡ, ದಂಡಿ ಎಲ್ಲವನ್ನೂ ಒಂದೇ ದಿಮ್ಮಿಯಲ್ಲಿ ಕೊರೆದದ್ದು ಏಕಾಂಡ ವೀಣೆ. ಬೇರೆ ಬೇರೆ ಮಾಡಿ ಬೆಸೆದದ್ದು ಅಗ್ಗ. ಬೆಸುಗೆಯ ವೀಣೆ ಕೀಳೇನಲ್ಲ, ಹೊಸಬರಿಗೆ ಧಾರಾಳವಾಗಿ ಸಾಕು. ಆದರೆ ಮರ ಚೆನ್ನಾಗಿ ಒಣಗದಿದ್ದರೆ, ತೇವದ ಊರಿನಿಂದ ಮಳೆ ಕಡಿಮೆಯಿರುವ ಪಾವಗಡಕ್ಕೋ ಶಿರಾಕ್ಕೋ ಬಂದ ಮೇಲೆ ಅದು ಕುಗ್ಗುತ್ತದೆ. ಮೊದಲು ಬಾಯಿಬಿಡುವುದು ಕೊಡ ಮತ್ತು ದಂಡಿ ಕೂಡುವ ಜಾಗ. ಆ ಜಾಗವನ್ನು ಸುತ್ತುವ ಬಿಳಿಯ ಪ್ಲಾಸ್ಟಿಕ್ ಪಟ್ಟಿ ಅಲಂಕಾರವೂ ಹೌದು, ಬಿರುಕಿನ ಮರೆಯೂ ಹೌದು.

ಹೀಗಿರುವಾಗ ಮಾರುವವರಿಂದ ಏನು ಕೇಳಬೇಕು? ಫೋಟೊ ಬೇಡ, ವೀಡಿಯೊ ಕರೆ ಬೇಕು. ಸಾರಣಿಯನ್ನು ಬಿಟ್ಟ ತಂತಿಯಲ್ಲಿ ಒಮ್ಮೆ, ಹನ್ನೆರಡನೆಯ ಮೆಟ್ಟಿಲಲ್ಲಿ ಒಮ್ಮೆ, ಇಪ್ಪತ್ತನಾಲ್ಕನೆಯದರಲ್ಲಿ ಒಮ್ಮೆ ಮೀಟಿಸಿ ಕೇಳಬೇಕು. ಮೂರೂ ಷಡ್ಜವೇ ಆಗಬೇಕು. ಫೋನಿನಲ್ಲಿ ಶ್ರುತಿ ತೋರಿಸುವ ಆ್ಯಪ್ ಇದ್ದರೆ ಕಿವಿ ಪಳಗದವರಿಗೂ ಇದು ಸಾಧ್ಯ. ಆಮೇಲೆ ಮೊದಲ ಮೆಟ್ಟಿಲಿಂದ ಕೊನೆಯವರೆಗೆ ಒಂದೊಂದಾಗಿ ನಿಧಾನಕ್ಕೆ ನುಡಿಸಲು ಹೇಳಿದರೆ ಜುಯ್ ಎನ್ನುವ ಕಡೆ ತಾನೇ ಗೊತ್ತಾಗುತ್ತದೆ. ಯಾವ ಶ್ರುತಿಗೆ, ಎಷ್ಟು ದಪ್ಪದ ತಂತಿಗೆ ಮೇಳ ಕಟ್ಟಿದೆ ಎಂಬುದನ್ನು ಬರೆದು ಕೊಡಲಿ. ಮುಂದೆ ತಂತಿ ಬದಲಿಸುವಾಗ ಬೇಕಾಗುತ್ತದೆ. ತಂತಿಗಳನ್ನು ಸಡಿಲಿಸಿ, ದಂಡಿಯ ಅಡಿಗೆ ಒತ್ತುಕೊಟ್ಟು ಕಟ್ಟುತ್ತಾರೆಯೇ? ಬಂದ ಮೇಲೆ ಮೇಳ ಕೆಟ್ಟಿದ್ದರೆ ಖರ್ಚು ಯಾರದು? ಕೊನೆಯ ಪ್ರಶ್ನೆಯಿಂದ ನುಣುಚಿಕೊಳ್ಳುವವರ ಬಳಿ ಅರ್ಧ ಬೆಲೆಗೂ ಕೊಳ್ಳಬಾರದು.

ಮೇಣದ ಬದಲು ಸ್ಕ್ರೂ ಹಾಕಿ ಮೆಟ್ಟಿಲು ಬಿಗಿದ, ಬಿಚ್ಚಿ ಕೂಡಿಸುವ ವೀಣೆಗಳೂ ಈಗ ಸಿಗುತ್ತವೆ. ಬಿಸಿಲಿಗೂ ಪಾರ್ಸಲ್ಲಿಗೂ ಅವು ಜಗ್ಗುವುದಿಲ್ಲ. ಹತ್ತಿರದಲ್ಲಿ ಮೇಳ ಕಟ್ಟುವವರೇ ಇಲ್ಲದ ಕಡೆ ನಾನು ಅಂಥದನ್ನೇ ಕೊಳ್ಳಿ ಎನ್ನುತ್ತಿದ್ದೆ. ಆದರೆ ಈ ನಾಲ್ಕು ತಾಲ್ಲೂಕಿನವರ ಅದೃಷ್ಟ ಬೇರೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರ ವೀಣೆ ಮಾಡುವವರ ಊರು. ಪೆನ್ನ ಓಬಳಯ್ಯನವರು ರೂಢಿಸಿದ ಈ ಕಸುಬನ್ನು ಅಲ್ಲಿ ಹಲವು ಮನೆಗಳು ಹಿಡಿದವು. ಹಲಸಿನ ದಿಮ್ಮಿ ಕೊರೆಯುವುದರಿಂದ ಹಿಡಿದು ಕೆಲಸವೆಲ್ಲ ಮನೆಯಂಗಳದಲ್ಲೇ. ಬೆಂಗಳೂರಿನ ಅಂಗಡಿಯಲ್ಲಿ ಕಾಣುವ ವೀಣೆಯ ಕೊಡ ಅಲ್ಲಿ ಕೊರೆದದ್ದಾಗಿರಬಹುದು.

ಪಾವಗಡದವರು ಮಧುಗಿರಿ, ಕೊರಟಗೆರೆ ಹಾದು ದಾಬಸ್‌ಪೇಟೆಗೆ ಇಳಿಯುತ್ತಾರೆ. ಶಿರಾದವರು ತುಮಕೂರಿನ ಮೇಲೆ ಹೆದ್ದಾರಿಯಲ್ಲಿ ಅಲ್ಲಿಗೇ ಬರುತ್ತಾರೆ. ಅಲ್ಲಿಂದ ದೊಡ್ಡಬಳ್ಳಾಪುರದ ಕಡೆಗೆ ತಿರುಗಿದರಾಯಿತು. ಕೊರಟಗೆರೆಯವರಿಗೆ ಇದು ಬೆಳಗ್ಗೆ ಹೋಗಿ ಸಂಜೆ ಮನೆ ಸೇರುವ ದಾರಿ. ಪಾವಗಡದವರಿಗೆ ಇಡೀ ದಿನದ ಕೆಲಸ. ಆದ್ದರಿಂದ ಸಲಹೆಯೂ ಒಂದೇ ಆಗಲಾರದು. ಕೊರಟಗೆರೆ, ಮಧುಗಿರಿಯವರು ಆನ್‌ಲೈನ್ ಗೊಡವೆಗೆ ಹೋಗದೆ, ಕಲಿಸುವ ಮೇಷ್ಟ್ರನ್ನೋ ಟೀಚರನ್ನೋ ಕರೆದುಕೊಂಡು ಹೋಗಿ ಕೂತು ನುಡಿಸಿ ನೋಡಿಯೇ ಕೊಳ್ಳಬೇಕು. ಸಾಧ್ಯವಾದರೆ ಶಿರಾದವರೂ ಹಾಗೇ ಮಾಡಲಿ. ಪಾವಗಡದವರು ಪಾರ್ಸಲ್ ತರಿಸುವುದಾದರೆ ಯುಗಾದಿಯಿಂದ ಮುಂಗಾರಿನವರೆಗಿನ ತಿಂಗಳುಗಳನ್ನು ಬಿಟ್ಟು, ದಸರೆ ಕಳೆದ ಮೇಲೆ ತರಿಸಲಿ. ಮೇಳಕ್ಕೆಂದು ಎತ್ತಿಟ್ಟ ದುಡ್ಡಿನಲ್ಲಿ ಒಂದೆರಡು ವರ್ಷದ ಮೇಲೆ ವೀಣೆಯನ್ನು ಅದೇ ದಾರಿಯಲ್ಲಿ ಒಯ್ದು ಕಟ್ಟಿಸಿಕೊಂಡು ಬರಬಹುದು. ಬಸ್ಸಿನಲ್ಲಾದರೆ ವೀಣೆಯನ್ನು ಎಂಜಿನ್ನಿನ ಪಕ್ಕಕ್ಕೆ ಇಡಬಾರದು.