ನೆನಪಿನ ಚೀಟಿಗಳು: ಭಾರತದ ಸ್ಮಾರಕ ಅಂಚೆ ಚೀಟಿಗಳ ಚರಿತ್ರೆ

ಅಂಚೆ ಚೀಟಿಯಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ದಿನಬಳಕೆಯದು. ಅದು ತೀರಿದಂತೆಲ್ಲ ಮತ್ತೆ ಅಚ್ಚಾಗುತ್ತದೆ, ವರ್ಷಗಟ್ಟಲೆ ಚಲಾವಣೆಯಲ್ಲಿರುತ್ತದೆ. ಇನ್ನೊಂದು ಸ್ಮಾರಕ ಚೀಟಿ. ಒಬ್ಬ ವ್ಯಕ್ತಿಯನ್ನೋ ಘಟನೆಯನ್ನೋ ನೆನೆಯಲು ಅದು ಗೊತ್ತಾದ ದಿನ ಹೊರಬರುತ್ತದೆ. ಗೊತ್ತುಮಾಡಿದಷ್ಟು ಪ್ರತಿಗಳು ಮಾತ್ರ ಅಚ್ಚಾಗುತ್ತವೆ. ಖರ್ಚಾದ ಮೇಲೆ ಕೌಂಟರಿಗೆ ಮರಳುವುದಿಲ್ಲ. ಗಾತ್ರದಲ್ಲೂ ಸಾಮಾನ್ಯವಾಗಿ ದೊಡ್ಡದು. ಸಂಗ್ರಾಹಕರ ಆಲ್ಬಮ್ಮುಗಳು ಹೆಚ್ಚಾಗಿ ತುಂಬಿರುವುದು ಈ ಎರಡನೆಯ ಬಗೆಯಿಂದ. ಯಾರನ್ನು, ಯಾವುದನ್ನು ನೆನೆಯಬೇಕೆಂದು ಆಳುವವರು ತೀರ್ಮಾನಿಸಿದರು ಎಂಬುದರ ದಾಖಲೆ ಆ ಪುಟಗಳಲ್ಲಿ ಇಸವಿವಾರು ಸಿಗುತ್ತದೆ.

ಅಂಟಿಸುವ ಅಂಚೆ ಚೀಟಿ 1840ರಲ್ಲಿ ಬ್ರಿಟನ್ನಿನ ‘ಪೆನ್ನಿ ಬ್ಲ್ಯಾಕ್’ನೊಂದಿಗೆ ಶುರುವಾಯಿತು. ಸಂಗ್ರಹದ ಹವ್ಯಾಸವೂ ಅದರ ಬೆನ್ನಿಗೇ ಬಂತು. ಅದಕ್ಕೆ ‘ಫಿಲಾಟೆಲಿ’ ಎಂಬ ಹೆಸರನ್ನು 1864ರಲ್ಲಿ ಕಟ್ಟಿದವನು ಫ್ರಾನ್ಸಿನ ಜಾರ್ಜ್ ಎರ್ಪಾಂ. ಸ್ಮಾರಕ ಚೀಟಿಗಳು ಬಂದದ್ದು ಇನ್ನೂ ತಡವಾಗಿ. 1871ರಲ್ಲಿ ಪೆರು ದೇಶ ರೈಲಿನ ಚಿತ್ರವಿದ್ದ ಚೀಟಿ ತಂದಿತು. 1888ರಲ್ಲಿ ನ್ಯೂ ಸೌತ್ ವೇಲ್ಸ್ ತನ್ನ ನೂರು ವರ್ಷದ ನೆನಪಿಗೆ ಒಂದು ಸಾಲನ್ನೇ ಹೊರಡಿಸಿತು. ಯಾವುದು ಮೊದಲನೆಯದು ಎಂಬ ವಾದ ಸಂಗ್ರಾಹಕರಲ್ಲಿ ಇಂದಿಗೂ ಉಂಟು. ಈ ರೂಢಿಯಲ್ಲಿ ಹಣವಿದೆ ಎಂದು ತೋರಿಸಿಕೊಟ್ಟದ್ದು ಅಮೆರಿಕ. ಕೊಲಂಬಸ್ ಯಾನದ ನಾನೂರನೆಯ ವರ್ಷಕ್ಕೆಂದು 1893ರಲ್ಲಿ ಒಂದು ಸೆಂಟಿನಿಂದ ಐದು ಡಾಲರ್‌ವರೆಗೆ 16 ಚೀಟಿಗಳನ್ನು ಅದು ಮಾರಿತು. ಐದು ಡಾಲರಿನ ಚೀಟಿ ಹಚ್ಚಬೇಕಾದ ಕಾಗದ ಯಾರ ಮನೆಯಲ್ಲೂ ಇರಲಿಲ್ಲ. ಕೊಳ್ಳುವವನು ಸಂಗ್ರಾಹಕನೇ ಎಂಬುದು ಎಲ್ಲರಿಗೂ ಗೊತ್ತಿತ್ತು. ಇಂಥ ಚೀಟಿಗಳನ್ನು ತಡೆಯಲೆಂದೇ 1895ರಲ್ಲಿ ಲಂಡನ್ನಿನಲ್ಲಿ ಸಂಗ್ರಾಹಕರ ಒಂದು ಸಂಘ ಹುಟ್ಟಿತು. ಅದು ಹೆಚ್ಚು ಕಾಲ ಬಾಳಲಿಲ್ಲ, ಚೀಟಿಗಳು ಬರುವುದೂ ನಿಲ್ಲಲಿಲ್ಲ.

ಭಾರತದಲ್ಲಿ ಚೀಟಿಯ ಬಳಕೆ ಬೇಗ ಬಂತು, ಸ್ಮಾರಕ ಚೀಟಿ ಬಹಳ ತಡವಾಗಿ ಬಂತು. 1852ರ ಜುಲೈ 1ರಂದು ಬ್ರಿಟಿಷ್ ಅಧಿಕಾರಿ ಬಾರ್ಟಲ್ ಫ್ರೇರ್ ಕರಾಚಿಯಲ್ಲಿ ತಂದ ಅರ್ಧ ಆಣೆಯ ‘ಸಿಂಧ್ ಡಾಕ್’ ಏಷ್ಯಾದ ಮೊದಲ ಅಂಟು ಚೀಟಿ. 1854ರಲ್ಲಿ ಕಂಪನಿ ಸರ್ಕಾರದ ಚೀಟಿಗಳು ದೇಶಕ್ಕೆಲ್ಲ ಬಂದವು. ಅಲ್ಲಿಂದ ಮುಕ್ಕಾಲು ಶತಮಾನ ಚೀಟಿಯ ಮೇಲೆ ಇದ್ದದ್ದು ಮುಖ್ಯವಾಗಿ ರಾಣಿಯ ಅಥವಾ ರಾಜನ ತಲೆ. 1897ರಲ್ಲಿ ಕಲ್ಕತ್ತದಲ್ಲಿ ಫಿಲಾಟೆಲಿಕ್ ಸೊಸೈಟಿ ಆಫ್ ಇಂಡಿಯಾ ಹುಟ್ಟಿದಾಗಲೂ ದೇಶದಲ್ಲಿ ಒಂದೇ ಒಂದು ಸ್ಮಾರಕ ಚೀಟಿ ಇರಲಿಲ್ಲ. ಚೀಟಿಗಳು ಅಚ್ಚಾಗುತ್ತಿದ್ದುದು ಲಂಡನ್ನಿನ ಡಿ ಲಾ ರೂ ಕಂಪನಿಯಲ್ಲಿ. 1920ರ ದಶಕದ ನಡುವಿನಲ್ಲಿ ನಾಸಿಕದ ಇಂಡಿಯಾ ಸೆಕ್ಯುರಿಟಿ ಪ್ರೆಸ್ ಶುರುವಾದ ಮೇಲೆ ಈ ಕೆಲಸ ಇಲ್ಲಿಗೆ ಬಂತು. ನಾಸಿಕದಲ್ಲಿ ಅಚ್ಚಾದ 1929ರ ವಿಮಾನ ಅಂಚೆಯ ಚೀಟಿಗಳಲ್ಲಿ ರಾಜನ ಪಕ್ಕ ವಿಮಾನದ ಚಿತ್ರವೂ ಕಾಣಿಸಿಕೊಂಡಿತು.

ಮೊದಲ ಸ್ಮಾರಕ ಚೀಟಿಗಳು 1931ರ ಫೆಬ್ರವರಿಯಲ್ಲಿ ನವದೆಹಲಿಯ ಉದ್ಘಾಟನೆಗೆಂದು ಬಂದವು. ಒಟ್ಟು ಆರು. ಅರ್ಧ ಆಣೆಗೆ ಯುದ್ಧ ಸ್ಮಾರಕದ ಕಮಾನು, ಒಂದು ಆಣೆಗೆ ಕೌನ್ಸಿಲ್ ಹೌಸ್, ಎರಡಾಣೆಗೆ ವೈಸ್‌ರಾಯ್ ನಿವಾಸ, ಮೂರಾಣೆಗೆ ಸಚಿವಾಲಯ, ಒಂದು ರೂಪಾಯಿಗೆ ಡೊಮಿನಿಯನ್ ಕಂಬಗಳು. ಎಲ್ಲಕ್ಕಿಂತ ಅಗ್ಗದ ಕಾಲಾಣೆಯ ಚೀಟಿಯಲ್ಲಿ ಪುರಾನಾ ಕಿಲಾ. ಆರರಲ್ಲಿ ಹಳೆಯ ದೆಹಲಿಗೆ ಸೇರಿದ್ದು ಅದೊಂದೇ. ಉಳಿದ ಐದೂ ಆಗಷ್ಟೇ ಗಾರೆ ಆರಿದ ಸರ್ಕಾರಿ ಕಟ್ಟಡಗಳು. ಆ ಸರ್ಕಾರ ತನ್ನನ್ನು ಹೇಗೆ ಕಂಡುಕೊಂಡಿತ್ತು ಎಂಬುದಕ್ಕೆ ಈ ಬೆಲೆಗಳ ಏರಿಕೆಗಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ. ನಾಲ್ಕು ವರ್ಷದ ನಂತರ ಐದನೆಯ ಜಾರ್ಜನ ಪಟ್ಟದ ಬೆಳ್ಳಿಹಬ್ಬಕ್ಕೆ ಬಂದ ಏಳು ಚೀಟಿಗಳಲ್ಲಿ ನೋಟ ಸ್ವಲ್ಪ ಅಗಲವಾಯಿತು. ರಾಜನ ಮುಖದ ಪಕ್ಕ ಗೇಟ್‌ವೇ ಆಫ್ ಇಂಡಿಯಾ, ರಾಮೇಶ್ವರದ ದೇವಾಲಯ, ಕಲ್ಕತ್ತದ ಜೈನ ಮಂದಿರ, ತಾಜಮಹಲು, ಅಮೃತಸರದ ಸ್ವರ್ಣಮಂದಿರ ಬಂದವು. ಮಂಡಾಲೆಯ ಪಗೋಡವೂ ಇತ್ತು. ಬರ್ಮಾ ಆಗ ಭಾರತದ ಆಡಳಿತದಲ್ಲಿದ್ದು, ಬೇರೆಯಾದದ್ದು 1937ರಲ್ಲಿ.

ಸಂಸ್ಥಾನಗಳ ಚೀಟಿಗಳ ಕತೆ ಬೇರೆ. 1672ರಲ್ಲಿ ಚಿಕ್ಕದೇವರಾಜ ಒಡೆಯರು ಕಟ್ಟಿದ ಮೈಸೂರು ಅಂಚೆ ಹಳೆಯ ಕಾಲದ ಅತ್ಯುತ್ತಮ ವ್ಯವಸ್ಥೆಗಳಲ್ಲೊಂದು. ಆದರೆ 1889ರಲ್ಲಿ ಅದು ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಸೇರಿಹೋಯಿತು. ಹೀಗಾಗಿ ಮೈಸೂರಿನದೇ ಅಂಚೆ ಚೀಟಿ ಎಂಬುದು ಯಾವ ಆಲ್ಬಮ್ಮಿನಲ್ಲೂ ಇಲ್ಲ. ತಿರುವಾಂಕೂರು ತನ್ನದೇ ಅಂಚೆಯಾದ ‘ಅಂಚಲ್’ ಅನ್ನು ಉಳಿಸಿಕೊಂಡಿತ್ತು. 1936ರಲ್ಲಿ ಅಲ್ಲಿನ ಮಹಾರಾಜರು ಸರ್ಕಾರಿ ದೇವಸ್ಥಾನಗಳ ಬಾಗಿಲನ್ನು ಎಲ್ಲ ಜಾತಿಯ ಹಿಂದೂಗಳಿಗೆ ತೆರೆದರು. ಮರುವರ್ಷ ಆ ದೇವಾಲಯ ಪ್ರವೇಶ ಘೋಷಣೆಯ ನೆನಪಿಗೆ ನಾಲ್ಕು ಚೀಟಿಗಳು ಹೊರಬಂದವು. ಸ್ಮಾರಕ ಚೀಟಿ ರಾಜರ ಪಟ್ಟ, ಹುಟ್ಟುಹಬ್ಬ, ಕಟ್ಟಡಗಳಿಗೇ ಮೀಸಲಾಗಿದ್ದ ಕಾಲದಲ್ಲಿ ಒಂದು ಸಾಮಾಜಿಕ ಸುಧಾರಣೆ ಚೀಟಿಗೆ ವಿಷಯವಾದದ್ದು ದೊಡ್ಡ ಮಾತು. ಆ ಹೊತ್ತಿನ ಭಾರತದ ಸ್ಮಾರಕ ಚೀಟಿಗಳಲ್ಲಿ ಇವಕ್ಕಿಂತ ಗೌರವಕ್ಕೆ ಅರ್ಹವಾದವು ಬೇರೆ ಇಲ್ಲ. ಹೈದರಾಬಾದ್ ಸಂಸ್ಥಾನದ 1931ರ ದಿನಬಳಕೆಯ ಸಾಲಿನಲ್ಲಿ ಹನ್ನೆರಡು ಆಣೆಯ ಚೀಟಿಯ ಮೇಲೆ ಬೀದರಿನ ಮಹಮೂದ್ ಗಾವಾನನ ಮದರಸಾ ಇತ್ತು. ಕರ್ನಾಟಕದ ಕಟ್ಟಡವೊಂದನ್ನು ಹೊತ್ತ ಹಳೆಯ ಚೀಟಿಗಳಲ್ಲಿ ಅದು ಒಂದು.

ಸ್ವಾತಂತ್ರ್ಯ ಬಂದದ್ದು ಆಗಸ್ಟಿನಲ್ಲಿ, ಅದರ ಚೀಟಿ ಬಂದದ್ದು 1947ರ ನವೆಂಬರ್ 21ರಂದು. ಮೂರೂವರೆ ಆಣೆಯ ಆ ಚೀಟಿಯಲ್ಲಿ ಹಾರುವ ತ್ರಿವರ್ಣ ಧ್ವಜ, ಮೇಲೆ ‘ಜೈ ಹಿಂದ್’. ಡಿಸೆಂಬರ್ 15ರಂದು ಅಶೋಕ ಸ್ತಂಭದ ಒಂದೂವರೆ ಆಣೆಯ ಚೀಟಿ ಮತ್ತು ವಿಮಾನದ ಹನ್ನೆರಡು ಆಣೆಯ ಚೀಟಿ ಜೊತೆಗೂಡಿದವು. ಮರುವರ್ಷದ ಸ್ವಾತಂತ್ರ್ಯ ದಿನಕ್ಕೆ ಗಾಂಧೀಜಿಯ ನಾಲ್ಕು ಚೀಟಿಗಳು: ಒಂದೂವರೆ, ಮೂರೂವರೆ, ಹನ್ನೆರಡು ಆಣೆ ಮತ್ತು ಹತ್ತು ರೂಪಾಯಿ. ಇವು ಅಚ್ಚಾದದ್ದು ಸ್ವಿಟ್ಜರ್ಲೆಂಡಿನ ಕೂರ್ವಾಜಿಯೆ ಮುದ್ರಣಾಲಯದಲ್ಲಿ. ಚಿತ್ರದ ಜೊತೆ ನಾಗರಿಯಲ್ಲೂ ಉರ್ದು ಲಿಪಿಯಲ್ಲೂ ‘ಬಾಪು’ ಎಂದಿದೆ. ದೇಶ ಇಬ್ಭಾಗವಾಗಿ ವರ್ಷ ತುಂಬುವ ಹೊತ್ತಿನಲ್ಲಿ ಎರಡು ಲಿಪಿಗಳನ್ನು ಒಂದೇ ಚೀಟಿಯ ಮೇಲೆ ಉಳಿಸಿಕೊಂಡದ್ದು ಆ ಮನುಷ್ಯನಿಗೆ ಸಂದ ನಿಜವಾದ ಗೌರವ. ಸರ್ಕಾರಿ ಬಳಕೆಗೆಂದು ‘ಸರ್ವಿಸ್’ ಎಂದು ಮೇಲಚ್ಚು ಹಾಕಿದ ಹತ್ತು ರೂಪಾಯಿಯ ಪ್ರತಿಗಳು ತೀರ ವಿರಳ. ಅಂಥ ನಾಲ್ಕು ಚೀಟಿಗಳ ಒಂದು ಪಟ್ಟಿ 2017ರಲ್ಲಿ 5 ಲಕ್ಷ ಪೌಂಡಿಗೆ ಆಸ್ಟ್ರೇಲಿಯಾದ ಸಂಗ್ರಾಹಕರೊಬ್ಬರ ಪಾಲಾಯಿತು.

1952ರ ಅಕ್ಟೋಬರ್ 1ರಂದು ಸಂತರು ಮತ್ತು ಕವಿಗಳ ಸಾಲು ಬಂತು: ಕಬೀರ, ತುಲಸೀದಾಸ, ಮೀರಾ, ಸೂರದಾಸ, ಗಾಲಿಬ್, ಟಾಗೋರ್. ಕೋಟೆ, ಸಚಿವಾಲಯಗಳಿದ್ದ ಜಾಗಕ್ಕೆ ಹಾಡಿದವರು ಬಂದದ್ದು ಸಣ್ಣ ಬದಲಾವಣೆಯಲ್ಲ. ಆದರೆ ಆರು ಜನರಲ್ಲಿ ದಕ್ಷಿಣದವರು ಒಬ್ಬರೂ ಇರಲಿಲ್ಲ. ಈ ಕೊರತೆ ತುಂಬುವುದಕ್ಕೆ ಕಾಲ ಹಿಡಿಯಿತು. 1960ರಲ್ಲಿ ತಿರುವಳ್ಳುವರ್ ಮತ್ತು ಸುಬ್ರಹ್ಮಣ್ಯ ಭಾರತಿ, 1961ರಲ್ಲಿ ತ್ಯಾಗರಾಜರು, 1964ರಲ್ಲಿ ಪುರಂದರದಾಸರು, 1967ರಲ್ಲಿ ಬಸವಣ್ಣನವರು ಚೀಟಿಯ ಮೇಲೆ ಬಂದರು.

ಬದುಕಿರುವವರನ್ನು ಚೀಟಿಯ ಮೇಲೆ ತರುವುದಿಲ್ಲ ಎಂಬುದು ಅಂಚೆ ಇಲಾಖೆಯ ಸಾಮಾನ್ಯ ನಿಯಮ. ಅದಕ್ಕೆ ಮೊದಲ ವಿನಾಯಿತಿ ಸಿಕ್ಕಿದ್ದು ಮಹಿಳಾ ಶಿಕ್ಷಣಕ್ಕೆ ಬಾಳು ಸವೆಸಿದ ಧೋಂಡೋ ಕೇಶವ ಕರ್ವೆಯವರಿಗೆ, 1958ರಲ್ಲಿ, ಅವರ ನೂರನೆಯ ವರ್ಷದ ಸಂದರ್ಭದಲ್ಲಿ. ಎರಡನೆಯವರು ಮೋಕ್ಷಗುಂಡಂ ವಿಶ್ವೇಶ್ವರಯ್ಯ. 1960ರ ಸೆಪ್ಟೆಂಬರ್ 15ರಂದು, ಅವರ ಹುಟ್ಟುಹಬ್ಬದ ದಿನವೇ, 15 ನಯಾಪೈಸೆಯ ಚೀಟಿ ಹೊರಬಂತು. ಕನ್ನಂಬಾಡಿ ಕಟ್ಟೆಯ ಹಿಂದಿನ ಎಂಜಿನಿಯರ್, ಮೈಸೂರಿನ ದಿವಾನ, ಪೇಟ ಧರಿಸಿದ ಆ ಹಿರಿಯರ ಮುಖ ಹೊತ್ತ ಕಾಗದಗಳು ಅವರು ಬೆಂಗಳೂರಿನಲ್ಲಿ ಬದುಕಿರುವಾಗಲೇ ದೇಶದ ಊರೂರು ತಿರುಗಿದವು. ಅವರು ತೀರಿಕೊಂಡದ್ದು 1962ರ ಏಪ್ರಿಲ್‌ನಲ್ಲಿ.

ಅರವತ್ತರ ದಶಕದಿಂದ ವಿಷಯಗಳ ಹರವು ಹೆಚ್ಚಿತು. 1962ರಲ್ಲಿ ಘೇಂಡಾಮೃಗ, 1963ರಲ್ಲಿ ಕಾಡುಕೋಣ, ಕೆಂಪು ಪಾಂಡಾ, ಆನೆ, ಹುಲಿ, ಸಿಂಹ ಬಂದವು. ವನ್ಯಜೀವಿಯನ್ನು ಕಾಪಾಡಬೇಕೆಂಬ ಮಾತು ಕಾನೂನಾಗುವ ಮೊದಲೇ ಚೀಟಿಯ ಮೂಲಕ ಮನೆಮನೆಗೆ ಹೋಗಿತ್ತು. ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿದ ಆರ್ಯಭಟ ಉಪಗ್ರಹ 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಮೇಲೇರಿತು. ಮರುದಿನವೇ, ಏಪ್ರಿಲ್ 20ರಂದು, 25 ಪೈಸೆಯ ಚೀಟಿ ಸಿದ್ಧವಿತ್ತು. ಉಡಾವಣೆ ಯಶಸ್ವಿಯಾಗುತ್ತದೆಂಬ ನಂಬಿಕೆಯ ಮೇಲೆ ಮೊದಲೇ ಅಚ್ಚು ಹಾಕಿಸಿಟ್ಟ ಚೀಟಿ ಅದು. ಟಿಪ್ಪು ಸುಲ್ತಾನ್ 1974ರಲ್ಲಿ, ಕಿತ್ತೂರು ಚೆನ್ನಮ್ಮ 1977ರಲ್ಲಿ ಬಂದರು. ಶ್ರವಣಬೆಳಗೊಳದ ಗೊಮ್ಮಟನಿಗೆ ಸಾವಿರ ವರ್ಷ ತುಂಬಿದ 1981ರ ಫೆಬ್ರವರಿಯಲ್ಲಿ ಒಂದು ರೂಪಾಯಿಯ ಚೀಟಿ ಬಂತು. ಮಲ್ಲಿಕಾರ್ಜುನ ಮನ್ಸೂರ್, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಮೂವರೂ 2014ರ ಸಂಗೀತಗಾರರ ಸಾಲಿನಲ್ಲಿ ಒಟ್ಟಿಗೆ ಇದ್ದಾರೆ. ಇವರ ಹೆಸರುಗಳು ಮಾತ್ರ ಚೀಟಿಯ ಮೇಲೆ ಸಾಮಾನ್ಯವಾಗಿ ಹಿಂದಿ, ಇಂಗ್ಲಿಷಿನಲ್ಲೇ ಇರುತ್ತವೆ. ವಚನ ಬರೆದವರ, ಕೀರ್ತನೆ ಹಾಡಿದವರ ಹೆಸರನ್ನು ಅವರದೇ ಲಿಪಿಯಲ್ಲಿ ಕಾಣಬೇಕೆಂಬ ಆಸೆ ನ್ಯಾಯವಾದದ್ದೇ.

ಚೀಟಿಯ ವಿಷಯವನ್ನು ಯಾವ ನಾಗರಿಕನೂ ಸೂಚಿಸಬಹುದು. ಅಂಚೆ ಇಲಾಖೆಯ ಸಲಹಾ ಸಮಿತಿ ಅದನ್ನು ತೂಗಿ ನೋಡುತ್ತದೆ. ಒಪ್ಪಿಗೆಯಾದ ಚೀಟಿಯ ಜೊತೆ ಎರಡು ಸಾಮಗ್ರಿಗಳು ಬರುತ್ತವೆ. ಒಂದು ಫಸ್ಟ್ ಡೇ ಕವರ್: ವಿಷಯಕ್ಕೆ ಹೊಂದುವ ಚಿತ್ರವಿರುವ ಲಕೋಟೆ. ಅದರ ಮೇಲೆ ಚೀಟಿ ಹಚ್ಚಿ, ಅದೇ ದಿನದ ವಿಶೇಷ ಠಸ್ಸೆ ಒತ್ತುತ್ತಾರೆ. ಇನ್ನೊಂದು ಬ್ರೋಷರ್. ಬಿಡುಗಡೆಯ ದಿನ, ಬೆಲೆ, ಎಷ್ಟು ಅಚ್ಚಾಯಿತು, ಯಾವ ಮುದ್ರಣಾಲಯ ಎಂಬುದೆಲ್ಲ ಅದರಲ್ಲಿ ಇರುತ್ತದೆ. ಹೊಸಬರು ಇದನ್ನು ಎಸೆದುಬಿಡುವುದುಂಟು. ಅನುಭವಿಗಳು ಚೀಟಿಯಷ್ಟೇ ಜೋಪಾನ ಮಾಡುತ್ತಾರೆ.

ಬಳಸಿದ ಚೀಟಿಯನ್ನು ಲಕೋಟೆಯಿಂದ ಬಿಡಿಸುವುದೇ ಒಂದು ಕಲೆ. ಕಿತ್ತರೆ ಕಾಗದ ತೆಳುವಾಗುತ್ತದೆ, ಅದರ ಬೆಲೆ ಅಲ್ಲಿಗೇ ಹೋಯಿತು. ಸುತ್ತ ಒಂದು ಬೆರಳು ಅಂಚು ಬಿಟ್ಟು ಲಕೋಟೆಯನ್ನು ಕತ್ತರಿಸಿ, ಮುಖ ಮೇಲಾಗಿ ತಣ್ಣೀರಿನ ತಟ್ಟೆಯಲ್ಲಿ ತೇಲಿಬಿಡಬೇಕು. ಹತ್ತಿಪ್ಪತ್ತು ನಿಮಿಷಕ್ಕೆ ಗೋಂದು ಕರಗಿ ಚೀಟಿ ತಾನಾಗಿ ಜಾರುತ್ತದೆ. ಚಿಮಟದಿಂದ ಎತ್ತಿ, ಹಿಂಬದಿಯ ಅಂಟನ್ನು ಇನ್ನೊಂದು ತಟ್ಟೆಯಲ್ಲಿ ತೊಳೆದು, ಒತ್ತುಕಾಗದದ ನಡುವೆ ಇಟ್ಟು ಭಾರ ಹೇರಿದರೆ ಮರುದಿನ ಸಪಾಟಾಗಿ ಸಿಗುತ್ತದೆ. ಕೆಂಪು ಲಕೋಟೆಯಾದರೆ ಬೇರೆ ಚೀಟಿಗಳ ಜೊತೆ ನೆನೆಸಬಾರದು, ಬಣ್ಣ ಬಿಡುತ್ತದೆ. ಕರಾವಳಿ, ಮಲೆನಾಡಿನ ಸಂಗ್ರಾಹಕರಿಗೆ ಇದಕ್ಕಿಂತ ದೊಡ್ಡ ಶತ್ರು ಮಳೆಗಾಲದ ತೇವ. ಚೀಟಿಯ ಹಲ್ಲಿನಂಥ ಅಂಚಿನಲ್ಲಿ ಮೂಡುವ ಕಂದು ಚುಕ್ಕೆಯನ್ನು ಅವರು ‘ತುಕ್ಕು’ ಎನ್ನುತ್ತಾರೆ. ಅದು ಪಕ್ಕದ ಚೀಟಿಗೂ ಹಬ್ಬುತ್ತದೆ.

ಮೊದಲಿನ ಸಂಗ್ರಾಹಕರು ದೇಶವಾರು ಕೂಡಿಹಾಕುತ್ತಿದ್ದರು. ಚೀಟಿಗಳ ಸಂಖ್ಯೆ ಮಿತಿಮೀರಿದಂತೆ ಅದು ಅಸಾಧ್ಯವಾಯಿತು. ಅರವತ್ತು, ಎಪ್ಪತ್ತರ ದಶಕಗಳಲ್ಲಿ ಅಜ್ಮಾನ್, ಫುಜೈರಾದಂಥ ಕೊಲ್ಲಿಯ ಪುಟ್ಟ ನಾಡುಗಳು ತಮ್ಮ ಜನ ಎಂದೂ ಬಳಸದ ಚೀಟಿಗಳನ್ನು ಸಾವಿರಗಟ್ಟಲೆ ಹೊರಡಿಸಿದವು. ಆಗ ವಿಷಯವಾರು ಸಂಗ್ರಹ ನೆಲೆಯೂರಿತು: ಹಕ್ಕಿ, ರೈಲು, ಕ್ರೀಡೆ, ಸೇತುವೆ, ಗಾಂಧಿ. 1969ರ ಜನ್ಮಶತಾಬ್ದಿಗೆ ಹಲವಾರು ದೇಶಗಳು ಚೀಟಿ ತಂದದ್ದರಿಂದ ಗಾಂಧೀಜಿ ಒಬ್ಬರೇ ಒಂದು ಆಲ್ಬಮ್ಮಿಗೆ ಸಾಕು. ಪ್ರದರ್ಶನದಲ್ಲಿ ಒಂದು ಚೌಕಟ್ಟಿಗೆ 16 ಹಾಳೆಗಳು. ಚೀಟಿಗಳನ್ನು ಸಾಲಾಗಿ ಅಂಟಿಸಿದರೆ ಪದಕ ಬರುವುದಿಲ್ಲ; ಪುಟದಿಂದ ಪುಟಕ್ಕೆ ಕತೆ ಸಾಗಬೇಕು. ಕರ್ನಾಟಕ ಅಂಚೆ ವೃತ್ತ ನಡೆಸುವ ‘ಕರ್ಣಾಪೆಕ್ಸ್’ಗಳಲ್ಲಿ ಶಾಲಾ ಮಕ್ಕಳ ಚೌಕಟ್ಟುಗಳ ಮುಂದೆ ಹಿರಿಯರು ಹೊತ್ತುಗಟ್ಟಲೆ ನಿಲ್ಲುವುದು ಇದೇ ಕಾರಣಕ್ಕೆ.

ಕಾಗದ ಬರೆಯುವುದು ಕಡಿಮೆಯಾದ ಮೇಲೆ ಇಲಾಖೆ ಚೀಟಿಯನ್ನೇ ಆಕರ್ಷಕವಾಗಿಸಲು ಹೊರಟಿತು. 2006ರಲ್ಲಿ ಶ್ರೀಗಂಧದ ಪರಿಮಳದ ಚೀಟಿ ಬಂತು, ಆಮೇಲೆ ಗುಲಾಬಿ, ಮಲ್ಲಿಗೆ. 2011ರಲ್ಲಿ ಖಾದಿ ಬಟ್ಟೆಯ ಮೇಲೆ ಅಚ್ಚಾದ ಗಾಂಧಿ ಚೀಟಿ ಬಂತು. 2017ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ ಕಾಫಿ ಪರಿಮಳದ ಚೀಟಿಗೆ 100 ರೂಪಾಯಿ. ಮಕ್ಕಳ ಕೈಖರ್ಚಿಗೆ ಇಂಥ ಬೆಲೆ ಎಟುಕುವುದಿಲ್ಲ, ಆದರೆ ಈ ಹವ್ಯಾಸವನ್ನು ಇಷ್ಟು ಕಾಲ ಬದುಕಿಸಿದವರು ಮಕ್ಕಳೇ. ಅದೇ ವರ್ಷ ಶುರುವಾದ ದೀನ್ ದಯಾಳ್ ಸ್ಪರ್ಶ್ ಯೋಜನೆ ಅವರನ್ನೇ ಉದ್ದೇಶಿಸಿದ್ದು. ಆರರಿಂದ ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳಿಗೆ ವರ್ಷಕ್ಕೆ 6000 ರೂಪಾಯಿ ವಿದ್ಯಾರ್ಥಿವೇತನ. ಒಂದೊಂದು ಅಂಚೆ ವೃತ್ತದಲ್ಲಿ ಹೆಚ್ಚೆಂದರೆ 40 ಮಂದಿಗೆ. ಮೊದಲು ರಸಪ್ರಶ್ನೆ, ಅದರಲ್ಲಿ ಗೆದ್ದವರು ಚೀಟಿಗಳನ್ನು ಬಳಸಿ ಒಂದು ವಿಷಯದ ಮೇಲೆ ಕೆಲವೇ ಹಾಳೆಗಳ ಪ್ರಾಜೆಕ್ಟ್ ಸಿದ್ಧಪಡಿಸಬೇಕು.