ಆಘಾತ: ಒಂದು ಪದದ ಚರಿತ್ರೆ



1974ರ ಆಸುಪಾಸಿನ ಮಾತು. ಎಂಟನೆಯ ತರಗತಿಯ ಬಾಲಕನೊಬ್ಬ ಸೈಕಲ್ಲಿನಿಂದ ಬಿದ್ದಾಗ ಹ್ಯಾಂಡಲ್ಲು ಅವನ ಎಡಪಕ್ಕೆಯ ಕೆಳಗೆ ಬಲವಾಗಿ ತಗುಲಿತು. ಒಂದು ಹನಿ ರಕ್ತವೂ ಕಾಣಲಿಲ್ಲ. ಮೊದಲು ನರಳಿದವನು ಅರ್ಧ ಗಂಟೆಯಲ್ಲಿ ಸುಮ್ಮನಾಗಿ, "ನೀರು ಕೊಡಿ ಸಾರ್" ಎಂದಷ್ಟೇ ಕೇಳಿದ. ನೋವು ಶಮನವಾಯಿತೆಂದು ಭಾವಿಸಿ, ನೀರು ಕುಡಿಸಿ, ಬೆಂಚಿನ ಮೇಲೆ ಮಲಗಿಸಿ ನಾನು ಪಾಠಕ್ಕೆ ಮರಳಿದೆ. ಹಿಂದೆ ಸೈನ್ಯದಲ್ಲಿದ್ದ ನಮ್ಮ ಡ್ರಿಲ್ ಮಾಸ್ತರರು ಅವನನ್ನು ಮುಟ್ಟಿ ನೋಡಿ, "ಮೈ ತಣ್ಣಗೆ ಬೆವೆತಿದೆ, ನಾಡಿ ಓಡುತ್ತಿದೆ, ಒಳಗೆಲ್ಲೋ ರಕ್ತ ಸೋರುತ್ತಿದೆ" ಎಂದು, ದಾರಿಯಲ್ಲಿ ಬಂದ ಲಾರಿಯನ್ನು ನಿಲ್ಲಿಸಿ ಆಸ್ಪತ್ರೆಗೆ ಒಯ್ದರು. ಗುಲ್ಮ ಒಡೆದಿತ್ತು. ಶಸ್ತ್ರಚಿಕಿತ್ಸೆಯಿಂದ ಹುಡುಗ ಉಳಿದ.

ಅಂದು ನನಗೆ ಅರ್ಥವಾಗದಿದ್ದ ಆ ಸ್ಥಿತಿಯ ಕಾರಣವನ್ನು ಅರಿಯಲು ವೈದ್ಯಲೋಕಕ್ಕೇ ಸುಮಾರು ಇನ್ನೂರು ವರ್ಷ ಹಿಡಿಯಿತೆಂದು ಆಮೇಲೆ ಓದಿ ತಿಳಿದೆ. ಗುಂಡೇಟಿನ ಗಾಯಗಳ ಕುರಿತು ಫ್ರೆಂಚ್ ಶಸ್ತ್ರವೈದ್ಯ ಲೆ ದ್ರಾನ್ ಬರೆದ ಗ್ರಂಥ 1743ರಲ್ಲಿ ಇಂಗ್ಲಿಷಿಗೆ ಅನುವಾದವಾದಾಗ 'ಶಾಕ್' ಎಂಬ ಪದ ವೈದ್ಯಕೀಯವನ್ನು ಪ್ರವೇಶಿಸಿತು. ಅಲ್ಲಿ ಅದಕ್ಕೆ ಹೊಡೆತ, ಅದುರು ಎಂಬಷ್ಟೇ ಅರ್ಥ. ಹತ್ತೊಂಬತ್ತನೆಯ ಶತಮಾನದಲ್ಲಿ ಹಲವರು ನರಗಳ ಬಳಲಿಕೆಯೇ ಇದಕ್ಕೆ ಮೂಲವೆಂದರು. ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಾಲ್ಟರ್ ಕ್ಯಾನನ್, ಜಜ್ಜಿದ ಸ್ನಾಯುಗಳಿಂದ ಹೊರಡುವ ವಿಷವನ್ನು ಶಂಕಿಸಿದರು. ಅದೇ ಯುದ್ಧದಲ್ಲಿ, 1917ರಲ್ಲಿ, ಆಸ್ವಾಲ್ಡ್ ರಾಬರ್ಟ್‌ಸನ್ ರಕ್ತವನ್ನು ಮಂಜುಗಡ್ಡೆಯಲ್ಲಿ ಕಾದಿಟ್ಟು ಗಾಯಾಳು ಸೈನಿಕರಿಗೆ ಕೊಟ್ಟರು. ಕೊನೆಗೆ 1930ರಲ್ಲಿ ಆಲ್ಫ್ರೆಡ್ ಬ್ಲೇಲಾಕ್ ಪ್ರಯೋಗಗಳಿಂದ ತೋರಿಸಿದರು: ವಿಷದ ಕಲ್ಪನೆ ಬೇಕಿಲ್ಲ, ಪೆಟ್ಟಾದ ಅಂಗದೊಳಗೆ ಸೋರಿಹೋದ ರಕ್ತ ಮತ್ತು ದ್ರವವೇ ರಕ್ತದೊತ್ತಡದ ಕುಸಿತಕ್ಕೆ ಸಾಕಾದ ಕಾರಣ.

'ಆಘಾತ'ವೆಂದೊಡನೆ ನಮಗೆ ದುಃಖದ ಸುದ್ದಿ ನೆನಪಾಗುತ್ತದೆ. ವೈದ್ಯರ ಆಘಾತ ಬೇರೆ: ಅಂಗಾಂಗಗಳಿಗೆ ಸಾಕಷ್ಟು ರಕ್ತ ತಲುಪದ ಸ್ಥಿತಿ. ಬಿಳಿಚಿದ ಮುಖ, ತಣ್ಣನೆಯ ಬೆವರು, ಕ್ಷೀಣವಾದರೂ ತ್ವರಿತವಾದ ನಾಡಿ, ಬಾಯಾರಿಕೆ, ಚಡಪಡಿಕೆ, ಬಳಿಕ ಮಂಕು, ಇವು ಅದರ ಲಕ್ಷಣಗಳು. ರಕ್ತದೊತ್ತಡ ಕುಸಿಯುವ ಮೊದಲೇ ಇವು ಕಾಣಿಸಿಕೊಳ್ಳಬಹುದು. ಹೊರಗೆ ರಕ್ತ ಹರಿಯುತ್ತಿದ್ದರೆ ಶುಭ್ರವಾದ ಬಟ್ಟೆಯಿಂದ ಬಿಡದೆ ಒತ್ತಿ ಹಿಡಿಯಿರಿ. ಮಲಗಿಸಿ, ಹೊದಿಸಿ, ಬಾಯಿಗೆ ಏನನ್ನೂ ಹಾಕಬೇಡಿ. ನಮ್ಮ ರಾಜ್ಯದಲ್ಲಿ 2008ರಿಂದ 108ರ ಸೇವೆಯಿದೆ; ತಡಮಾಡದೆ ಕರೆಯಿರಿ.

ಗಾಯಾಳು ಸುಮ್ಮನಾದನೆಂದು ಎಂದಿಗೂ ನೆಮ್ಮದಿಗೊಳ್ಳಬೇಡಿ. ಆ ಹುಡುಗ ಈಗ ಮೊಮ್ಮಕ್ಕಳನ್ನು ಕಂಡಿದ್ದಾನೆ. ಇದನ್ನು ಓದಿದರೆ, ಅಂದು ನೀರು ಕುಡಿಸಿ ಪಾಠಕ್ಕೆ ಹೋದ ಮೇಷ್ಟ್ರನ್ನು ಅವನು ಕ್ಷಮಿಸಲಿ.